ತರಗತಿಯ ವಾಟ್ಸಾಪ್ ಗುಂಪಿಗೆ ಬರುವ ರಾಜಕೀಯ ಸಂದೇಶಗಳ ಕುರಿತು ಪೋಷಕರಿಗೆ ಪತ್ರ

ದಿನಾಂಕ: 24-06-2024

ಮಾನ್ಯ ಪೋಷಕರೇ,

ನಮಸ್ಕಾರಗಳು. ಒಂಬತ್ತನೆಯ ತರಗತಿಯ ಮಕ್ಕಳಿಗೆ ಸಮಾಜ ವಿಜ್ಞಾನದ ಶಿಕ್ಷಕಿ ಕಳೆದ ವಾರ ಕೊಟ್ಟ ಚಟುವಟಿಕೆಯ ಬಗ್ಗೆ ಕೆಲವರು ನನ್ನ ಕೊಠಡಿಗೆ ಬಂದು ಬೇಸರ ಹೇಳಿಕೊಂಡಿದ್ದಾರೆ. ಚುನಾವಣೆಯ ಸಮಯದಲ್ಲಿ ಫೋನಿಗೆ ಬಂದ ಸಂದೇಶವೊಂದು ನಿಜವೋ ಸುಳ್ಳೋ ಎಂದು ನೋಡಿ ಬರೆದು ತರಲು ಹೇಳಿದ್ದು ಶಾಲೆಯಲ್ಲಿ ರಾಜಕೀಯ ಮಾಡಿದಂತಾಗಲಿಲ್ಲವೇ ಎಂದು ಒಬ್ಬರು ಕೇಳಿದರು. ಇನ್ನೊಬ್ಬರ ಮನೆಯಲ್ಲಿ ಮಗಳು "ತಾತ, ಇದು ಸುಳ್ಳು" ಎಂದು ಹಿರಿಯರ ಮುಖಕ್ಕೇ ಹೇಳಿಬಿಟ್ಟಿದ್ದಾಳೆ. ಆ ಹಿರಿಯರಿಗೆ ಆಗಿರುವ ನೋವು ನನಗೆ ಅರ್ಥವಾಗುತ್ತದೆ.

ಶಿಕ್ಷಕಿ ಆರಿಸಿಕೊಂಡದ್ದು ನಮ್ಮದೇ ತರಗತಿಯ ಗುಂಪಿಗೆ ಏಪ್ರಿಲ್‌ನಲ್ಲಿ ಬಂದಿದ್ದ ಸಂದೇಶ. ಕಳುಹಿಸಿದವರ ಹೆಸರನ್ನು ಅವರು ಮೊದಲೇ ತೆಗೆದಿದ್ದರು. ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆಧಾರ್ ತೋರಿಸಿ 49ಎ ಅಡಿಯಲ್ಲಿ 'ಚಾಲೆಂಜ್ ವೋಟ್' ಹಾಕಬಹುದು, ಒಂದು ಮತಗಟ್ಟೆಯಲ್ಲಿ ಶೇ. 14ಕ್ಕಿಂತ ಹೆಚ್ಚು 'ಟೆಂಡರ್ ವೋಟ್' ಬಿದ್ದರೆ ಮರುಮತದಾನ ನಡೆಯುತ್ತದೆ, ಎಲ್ಲರಿಗೂ ತಲುಪಿಸಿ ಎಂದು ಅದರಲ್ಲಿತ್ತು. 2019ರ ಚುನಾವಣೆಯಲ್ಲೂ ಇದೇ ಸಂದೇಶ ಓಡಾಡಿತ್ತು. ಇದು ಯಾವ ಪಕ್ಷದ ಪರವೂ ಅಲ್ಲ, ವಿರುದ್ಧವೂ ಅಲ್ಲ. ಎಲ್ಲ ಪಕ್ಷದವರೂ ಒಳ್ಳೆಯ ಮನಸ್ಸಿನಿಂದಲೇ ಹಂಚಿದ್ದಾರೆ.

ಆದರೆ ಅದರಲ್ಲಿರುವುದು ತಪ್ಪು. 1961ರ ಚುನಾವಣೆ ನಡೆಸುವ ನಿಯಮಗಳಲ್ಲಿ 49ಎ ಇರುವುದು ಮತಯಂತ್ರದ ವಿನ್ಯಾಸದ ಬಗ್ಗೆ. ಚಾಲೆಂಜ್ ಎಂಬುದು ಮತದಾರರ ಹಕ್ಕೇ ಅಲ್ಲ. ಬಂದಿರುವ ವ್ಯಕ್ತಿ ನಿಜವಾದ ಮತದಾರನಲ್ಲ ಎಂದು ಅನುಮಾನ ಬಂದಾಗ ಪಕ್ಷದ ಏಜೆಂಟರು ಎರಡು ರೂಪಾಯಿ ಠೇವಣಿ ಇಟ್ಟು ಎತ್ತುವ ಆಕ್ಷೇಪಣೆ ಅದು. ನಮ್ಮ ಹೆಸರಿನಲ್ಲಿ ಬೇರೆಯವರು ಆಗಲೇ ಮತ ಹಾಕಿದ್ದರೆ ಟೆಂಡರ್ ಮತಪತ್ರ ಕೊಡುವುದು ನಿಜ, ಆದರೆ ಶೇ. 14ರ ಮಾತು ನಿಯಮದಲ್ಲಿ ಎಲ್ಲಿಯೂ ಇಲ್ಲ. ಪಟ್ಟಿಯಲ್ಲಿ ಹೆಸರಿಲ್ಲದವರು ಯಾವ ಗುರುತಿನ ಚೀಟಿ ತೋರಿಸಿದರೂ ಮತ ಹಾಕಲಾಗದು.

ಇದರಿಂದ ಯಾರಿಗೆ ಏನು ನಷ್ಟ, ನಾವೇನು ಬರೆದವರಲ್ಲವಲ್ಲ ಎಂದು ಒಬ್ಬ ತಂದೆ ಕೇಳಿದರು. ಏಪ್ರಿಲ್ 26ರಂದು ನಾನು ಬೇರೆ ಊರಿನ ಮತಗಟ್ಟೆಯಲ್ಲಿ ಅಧ್ಯಕ್ಷಾಧಿಕಾರಿಯಾಗಿದ್ದೆ. ಮಧ್ಯಾಹ್ನದ ಬಿಸಿಲಿನಲ್ಲಿ ಅಂದಿನ ಕೂಲಿ ಬಿಟ್ಟು ಒಬ್ಬ ತಾಯಿ ಬಂದರು. ಪಟ್ಟಿಯನ್ನು ಎರಡು ಸಲ ಹುಡುಕಿದರೂ ಅವರ ಹೆಸರು ಸಿಗಲಿಲ್ಲ. ಅವರು ಸೆರಗಿನ ಗಂಟು ಬಿಚ್ಚಿ ಆಧಾರ್ ಕಾರ್ಡನ್ನೂ ನೋಟ್‌ಬುಕ್ಕಿನ ಒಂದು ಹಾಳೆಯನ್ನೂ ಮೇಜಿನ ಮೇಲೆ ಇಟ್ಟರು. ಮಗ ಇದೇ ಸಂದೇಶವನ್ನು ದುಂಡಗೆ ಬರೆದು, '49ಎ' ಎಂಬುದರ ಸುತ್ತ ಕೆಂಪು ಪೆನ್ನಿನಲ್ಲಿ ಗೆರೆ ಎಳೆದುಕೊಟ್ಟಿದ್ದ. "ಇದರಲ್ಲಿ ಬರೆದಿದೆಯಲ್ಲಾ ಮೇಡಂ" ಎಂದು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ನಾನು ಅವರನ್ನು ಮತ ಹಾಕಿಸದೆ ಕಳುಹಿಸಬೇಕಾಯಿತು. ಈ ಸಂದೇಶದ ಬದಲು ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ ಪಟ್ಟಿ ನೋಡಿಕೊಳ್ಳಿ ಎಂಬ ಒಂದು ಮಾತು ಮಾರ್ಚ್ ನಡುವಿನಲ್ಲಿ ಅವರಿಗೆ ತಲುಪಿದ್ದರೆ, ನಮೂನೆ 6 ತುಂಬಿ ಹೆಸರು ಸೇರಿಸಲು ಸಮಯವಿತ್ತು. ಚಟುವಟಿಕೆಗೆ ಈ ಸಂದೇಶವನ್ನೇ ತೆಗೆದುಕೊಳ್ಳಿ ಎಂದು ಶಿಕ್ಷಕಿಗೆ ಹೇಳಿದವಳು ನಾನೇ. ದಯವಿಟ್ಟು ಅವರನ್ನು ದೂರಬೇಡಿ.

ಇನ್ನು ಹಿರಿಯರ ವಿಷಯ. ಮಕ್ಕಳು ಮನೆಯವರಿಗೆ ಎದುರು ಮಾತನಾಡಬೇಕೆಂದು ಈ ಶಾಲೆ ಎಂದೂ ಕಲಿಸಿಲ್ಲ, ಕಲಿಸುವುದೂ ಇಲ್ಲ. ಸುಳ್ಳೆಂದು ತೀರ್ಪು ಕೊಡುವ ಬದಲು "ತಾತ, ಇದು ಎಲ್ಲಿಂದ ಬಂತು, ಇಬ್ಬರೂ ನೋಡೋಣವೇ?" ಎಂದು ಕೇಳುವುದನ್ನು ನಾವು ಮೊದಲೇ ಹೇಳಿಕೊಡಬೇಕಿತ್ತು, ಅದು ನಮ್ಮ ಕಡೆಯ ಕೊರತೆ, ಈ ವಾರ ಸರಿಪಡಿಸುತ್ತೇವೆ. ಹಾಗೆಂದು ಕೇಳುವುದನ್ನೇ ಬಿಡಿ ಎಂದು ಮಕ್ಕಳಿಗೆ ಹೇಳಲು ನನ್ನಿಂದಾಗದು. ನಾಲ್ಕು ವರ್ಷಗಳಲ್ಲಿ ಇವರೇ ಮತದಾರರು. ಮಗು ಕೇಳಿದ್ದು ಹಿರಿಯರನ್ನು ಕೀಳಾಗಿ ಕಂಡು ಅಲ್ಲ. ತಾತ ನಂಬಿದ ಮಾತು ನಿಜವಾಗಿರಲಿ ಎಂಬ ಆಸೆಯಿಂದಲೂ ಮಗು ಕೇಳಬಹುದು. ಆ ಮನೆಯ ಹಿರಿಯರನ್ನು ನಾನೇ ಹೋಗಿ ಕಂಡು ಮಾತನಾಡುತ್ತೇನೆ.

ತರಗತಿಯ ಗುಂಪಿನಲ್ಲಿ ಇನ್ನು ಮುಂದೆ ಶಿಕ್ಷಕರು ಮಾತ್ರ ಸಂದೇಶ ಹಾಕುತ್ತಾರೆ. ಪೋಷಕರ ಬಾಯಿ ಮುಚ್ಚಿಸಲು ಇದನ್ನು ಮಾಡಿಲ್ಲ. ರಜೆ, ಪರೀಕ್ಷೆ, ಬಿಸಿಯೂಟದ ಸೂಚನೆಗಳು ಏಪ್ರಿಲ್‌ನಲ್ಲಿ ಫಾರ್ವರ್ಡ್‌ಗಳ ನಡುವೆ ಕಳೆದುಹೋಗಿದ್ದವು. ನಿಮ್ಮ ಸ್ವಂತ ಗುಂಪುಗಳಲ್ಲಿ ಏನು ಹಂಚಬೇಕು ಎಂಬುದು ನಿಮ್ಮ ಇಷ್ಟ, ಅದರಲ್ಲಿ ಶಾಲೆ ತಲೆ ಹಾಕುವುದಿಲ್ಲ.

ನನ್ನ ಕೋರಿಕೆ ಒಂದೇ: ನಿಮ್ಮ ಮಗು ಈ ವಾರ ಒಂದು ಸಂದೇಶವನ್ನು ತಂದು ಕೇಳಿದಾಗ, ಹತ್ತು ನಿಮಿಷ ಜೊತೆಗೆ ಕುಳಿತು ನೋಡಿ, ಹಾಳೆಯ ಕೆಳಗೆ ಸಹಿ ಮಾಡಿ ಕಳುಹಿಸಿ.

ಮಕ್ಕಳು ಬರೆದ ಹಾಳೆಗಳು ಕಚೇರಿಯಲ್ಲಿವೆ. ಶನಿವಾರ, 29ರಂದು ತರಗತಿಗಳು ಮುಗಿದ ಮೇಲೆ ಯಾರು ಬೇಕಾದರೂ ಬಂದು ಓದಬಹುದು, ನಾನು ಅಲ್ಲೇ ಇರುತ್ತೇನೆ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ