ಮಕ್ಕಳಿಗೆ ಕಾಯಿಲೆಯ ಹೆಸರಿಡುವ ಬಗ್ಗೆ

ಪ್ರೀತಿಯ ಪೋಷಕರೇ,

ಕಳೆದ ಪೋಷಕರ ಸಭೆಯಲ್ಲಿ ನಮ್ಮ ಶಿಕ್ಷಕಿಯೊಬ್ಬರು ಒಬ್ಬ ತಾಯಿಗೆ "ನಿಮ್ಮ ಮಗನಿಗೆ ಎಡಿಎಚ್‌ಡಿ ಇದೆ ಅನ್ಸುತ್ತೆ" ಎಂದುಬಿಟ್ಟರು. ಎಡಿಎಚ್‌ಡಿ ಅಂದರೆ ಗಮನ ಒಂದು ಕಡೆ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ. ಪಕ್ಕದಲ್ಲಿ ಇನ್ನೂ ನಾಲ್ಕು ಜನ ನಿಂತಿದ್ದರು. ಮರುದಿನ ಆ ತಾಯಿ ಬಂದು ದೂರು ಕೊಟ್ಟರು, ಅವರ ದೂರು ನ್ಯಾಯವಾಗಿಯೇ ಇತ್ತು. ನಾನು ಕ್ಷಮೆ ಕೇಳಿದ್ದೇನೆ. ಶಿಕ್ಷಕಿ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಆ ಹುಡುಗನ ಮೇಲೆ ಅವರಿಗೆ ಅಕ್ಕರೆಯಿದೆ. ಆದರೂ ಅದು ಅವರು ಆಡುವ ಮಾತಲ್ಲ.

ಹಾಗಾಗಿ ಈ ತಿಂಗಳಿಂದ ನಮ್ಮ ಶಿಕ್ಷಕರು ಯಾವ ಮಗುವಿಗೂ ಕಾಯಿಲೆಯ ಹೆಸರು ಹೇಳುವುದಿಲ್ಲ. ತಾವು ಕಂಡಿದ್ದನ್ನು ಮಾತ್ರ ಬರೆದು ಕೊಡುತ್ತಾರೆ.

ಇದು ಕೆಲವರಿಗೆ ಹಿಡಿಸಿಲ್ಲ. "ದಿನಾ ನೋಡೋರು ನೀವು, ಗೊತ್ತಿದ್ದೂ ಮುಚ್ಚಿಟ್ಟರೆ ಹೇಗೆ?" ಎಂದು ಕೇಳಿದ್ದೀರಿ. ಮುಚ್ಚಿಡುವ ಮಾತೇ ಇಲ್ಲ. ನಾವು ನೋಡುವುದು ತರಗತಿಯೊಳಗೆ ಮಾತ್ರ, ಅಷ್ಟೇ. ಎಡಿಎಚ್‌ಡಿ ಅನ್ನಬೇಕಾದರೆ ಲಕ್ಷಣಗಳು ಕನಿಷ್ಠ 6 ತಿಂಗಳು ಇರಬೇಕು, 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು, ಶಾಲೆಯಲ್ಲಷ್ಟೇ ಅಲ್ಲ, ಮನೆಯಲ್ಲೋ ಬೇರೆಲ್ಲೋ ಕೂಡ ಇರಬೇಕು. ಪಾಠದ ಕಡೆ ಗಮನವಿಲ್ಲದ ಮಗುವಿಗೆ ಬೋರ್ಡ್ ಸರಿಯಾಗಿ ಕಾಣದೇ ಇರಬಹುದು. ಕಿವಿ ಮಂದ ಇರಬಹುದು. ರಾತ್ರಿ ನಿದ್ದೆ ಸಾಲದಿರಬಹುದು. ಹಿಂದಿನ ಬೆಂಚಿನಲ್ಲಿ ಕೂತಾಗ ಎಲ್ಲವೂ ಒಂದೇ ಥರ ಕಾಣುತ್ತದೆ. ಯಾವುದು ಯಾವುದು ಅಂತ ಹೇಳುವುದು ವೈದ್ಯರ ಕೆಲಸ, ಪಾಠ ಮಾಡುವ ನಮ್ಮದಲ್ಲ.

ಮೊನ್ನೆ ಬರೆದ ಒಂದು ಟಿಪ್ಪಣಿ ಹೀಗಿದೆ: "ಮೂರು ಕೆಲಸ ಒಟ್ಟಿಗೆ ಹೇಳಿದರೆ ಮೊದಲನೆಯದು ಮಾಡಿ ನಿಲ್ಲುತ್ತಾನೆ. ಒಂದೊಂದಾಗಿ ಹೇಳಿದರೆ ಮೂರನ್ನೂ ಮುಗಿಸುತ್ತಾನೆ." ಕೇಳಿದ್ದನ್ನು ಆ ಹೊತ್ತಿಗೆ ತಲೆಯಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿಗೆ ವರ್ಕಿಂಗ್ ಮೆಮೊರಿ ಎನ್ನುತ್ತಾರೆ. ದೊಡ್ಡವರಿಗೂ ಅದರಲ್ಲಿ ಜಾಸ್ತಿ ಜಾಗವಿಲ್ಲ, ಮಕ್ಕಳಿಗೆ ಇನ್ನೂ ಕಡಿಮೆ. ಈ ಎರಡು ಸಾಲು ವೈದ್ಯರಿಗೂ ಉಪಯೋಗ, ನಮಗೂ ಉಪಯೋಗ. ಆ ತರಗತಿಯಲ್ಲಿ ಈಗ ಕೆಲಸಗಳನ್ನು ಬೋರ್ಡ್ ಮೇಲೆ ಬರೆಯುತ್ತಾರೆ. ಬರೀ ಹೆಸರು ಹೇಳಿದ್ದರೆ ಇದು ಆಗುತ್ತಿತ್ತಾ?

ಹೆಸರುಗಳು ಮಕ್ಕಳ ಬಾಯಿಗೂ ಬಂದಿವೆ. ಪೆನ್ಸಿಲ್‌ಗಳನ್ನು ಉದ್ದದ ಪ್ರಕಾರ ಜೋಡಿಸಿಡುವ ಹುಡುಗಿಯನ್ನು ಇಡೀ ಬೆಂಚು "ಒಸಿಡಿ" ಅಂತ ಕರೆಯುತ್ತಿತ್ತು. ಒಸಿಡಿ ಅಂದರೆ ಅಚ್ಚುಕಟ್ಟುತನ ಅಲ್ಲ. ಬೇಡವೆಂದರೂ ನುಗ್ಗುವ ಯೋಚನೆ, ಅದರ ಕಾಟ ತಡೆಯಲಾಗದೆ ಮತ್ತೆ ಮತ್ತೆ ಮಾಡುವ ಕೆಲಸ, ಅದೊಂದು ಹಿಂಸೆ. ಈ ಹುಡುಗಿಗೆ ಪೆನ್ಸಿಲ್ ಜೋಡಿಸುವುದು ಖುಷಿ. ಆ ಪದ ಮಕ್ಕಳಿಗೆ ನಮ್ಮಂಥ ದೊಡ್ಡವರಿಂದಲೇ ಸಿಕ್ಕಿರಬೇಕು, ಅಲ್ವಾ?

ಪ್ರಗತಿ ಪತ್ರದಲ್ಲಿ "ಎಡ ಮೆದುಳಿನ ಮಗು", "ಬಲ ಮೆದುಳಿನ ಮಗು" ಅಂತ ಬರೆಯಲು ಕೇಳಿದವರಿಗೂ ಇದೇ ಉತ್ತರ. ಲೆಕ್ಕ ಮೆದುಳಿನ ಎಡ ಅರೆಯದು, ಹಾಡು ಬಲ ಅರೆಯದು ಎಂಬ ಮಾತು ಹಬ್ಬಿದ್ದು 1981ರಲ್ಲಿ ನೊಬೆಲ್ ಪಡೆದ ಮೆದುಳು ವಿಜ್ಞಾನಿ ರೋಜರ್ ಸ್ಪೆರಿ ಅವರ ಪ್ರಯೋಗಗಳಿಂದ. ಆದರೆ ಅವರು ಪರೀಕ್ಷಿಸಿದ್ದು ಎರಡು ಅರೆಗಳ ನಡುವಿನ ನರಗಳ ಸೇತುವೆ ಕತ್ತರಿಸಿದ್ದ ರೋಗಿಗಳನ್ನು. ನಮ್ಮ ಮಕ್ಕಳ ಸೇತುವೆ ನೆಟ್ಟಗಿದೆ. ಲೆಕ್ಕಕ್ಕೂ ಹಾಡಿಗೂ ಎರಡೂ ಅರೆ ದುಡಿಯುತ್ತವೆ.

ವೈದ್ಯರು ಪರೀಕ್ಷೆ ಮಾಡಿ ಹೆಸರು ಹೇಳಿದ್ದರೆ ಆ ಮಾತು ಬೇರೆ. ಸಂಕೋಚ ಬೇಡ, ವರದಿ ನನಗೇ ತಂದುಕೊಡಿ. ಕೂರುವ ಜಾಗ, ಪರೀಕ್ಷೆಯ ಸಮಯ, ಏನು ಬೇಕೋ ಮಾತಾಡಿ ಮಾಡೋಣ. ಆದರೆ ಆ ಹೆಸರು ನಮ್ಮ ಶಿಕ್ಷಕರ ಬಾಯಿಂದ ಮೊದಲು ಬರುವುದಿಲ್ಲ.

ಟಿಪ್ಪಣಿ ಮನೆಗೆ ಬಂದಾಗ ಅದರ ಕೆಳಗೆ ಮನೆಯಲ್ಲಿ ನೀವು ಕಂಡಿದ್ದನ್ನು ಎರಡು ಸಾಲು ಬರೆದು ವಾಪಸ್ ಕಳಿಸಿ.

ಇಂತಿ,
ಮುಖ್ಯೋಪಾಧ್ಯಾಯರು