ಚಿತ್ರಕಥೆಗಳ ಮೂಲಚಿತ್ರ ರದ್ದಿಗೆ ಹೋಗದಿರಲಿ

ಮಾನ್ಯ ಸಂಪಾದಕರೇ,

ಹಳೆಯ ಮಕ್ಕಳ ಪತ್ರಿಕೆ, ಕಾಮಿಕ್ಸ್‌ಗಳ ಮೂಲಚಿತ್ರಗಳನ್ನು ನಾನು ಸಂಗ್ರಹಿಸುತ್ತೇನೆ. ಅಚ್ಚಾದ ಪುಟವಲ್ಲ, ಕಲಾವಿದರು ಕೈಯಾರೆ ಬರೆದ ಹಾಳೆ. ಪೆನ್ಸಿಲ್ ಗೆರೆ, ಮೇಲೆ ಕಪ್ಪು ಇಂಕು, ತಿದ್ದಿದ ಕಡೆ ಬಳಿದ ಬಿಳಿ ಬಣ್ಣ. ಅಚ್ಚಿನಲ್ಲಿ ಇದ್ಯಾವುದೂ ಕಾಣುವುದಿಲ್ಲ.

ಸಾಗರದ ಅಜ್ಜನ ಮನೆಗೆ ‘ಚಂದಮಾಮ’ ಬರುತ್ತಿತ್ತು. ಹೆಗಲ ಮೇಲೆ ಬೇತಾಳ, ಕೈಯಲ್ಲಿ ಕತ್ತಿ, ನಡೆಯುತ್ತಿರುವ ವಿಕ್ರಮ! ಆ ಚಿತ್ರ ಕೊಟ್ಟ ಶಂಕರ್ 2020ರಲ್ಲಿ ತೀರಿಕೊಂಡರು. ಶಂಕರ್‌ಗಿಂತ ಮುಂಚೆ ಆ ಪತ್ರಿಕೆಗೆ ಮುಖಪುಟ ಬರೆದ ಎಂ.ಟಿ.ವಿ. ಆಚಾರ್ಯರು ನಮ್ಮವರೇ. 1967ರಲ್ಲಿ ‘ಅಮರ ಚಿತ್ರಕಥೆ’ ಶುರುಮಾಡಿದ ಅನಂತ ಪೈ ಕಾರ್ಕಳದವರು. ಇಷ್ಟೆಲ್ಲ ನಂಟಿದ್ದೂ ಇಂಥ ಹಾಳೆಗಳು ಸುಮ್ನೆ ರದ್ದಿಗೆ ಹೋಗುವುದು ನೋವಿನ ಸಂಗತಿ ಅಲ್ವಾ?

ಕಲಾವಿದರ ಮನೆಯವರಲ್ಲಿ ನನ್ನ ಕೋರಿಕೆ: ಅಟ್ಟದ ಹಾಳೆಗಳನ್ನು ಮಾರುವ ಮುಂಚೆ ಒಮ್ಮೆ ಬಿಚ್ಚಿ ನೋಡಿ. ಸೆಲೋಟೇಪ್ ಅಂಟಿಸಬೇಡಿ, ಕಾಲ ಕಳೆದಂತೆ ಅದು ಹಳದಿಯಾಗಿ ಕಾಗದವನ್ನೇ ಹಾಳುಮಾಡುತ್ತದೆ. ಬಿಸಿಲು ಬೀಳುವ ಗೋಡೆಗೂ ತೂಗುಹಾಕಬೇಡಿ. ಲಲಿತಕಲಾ ಅಕಾಡೆಮಿ ಇವುಗಳನ್ನು ಸ್ಕ್ಯಾನ್ ಮಾಡಿಸಿ, ಜಿಲ್ಲಾ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ತೋರಿಸಲಿ.

– ಒಬ್ಬ ಓದುಗ, ಶಿವಮೊಗ್ಗ