ಭಾನುವಾರ ಬೆಳಿಗ್ಗೆ, ಐರಿಷ್ ಪಬ್‌ನಲ್ಲಿ

ಆತ್ಮೀಯರೇ,

"ಬೆಳಿಗ್ಗೆ ಒಂಬತ್ತಕ್ಕೆಲ್ಲ ಬಾರಿಗೆ ಹೋಗೋದೇನಮ್ಮಾ?" ಅಂತ ಅಪ್ಪ ಕಾರಿನಿಂದ ಇಳಿಯದೇ ಕೂತಿದ್ದರು. 2025ರ ನವೆಂಬರ್ 16ರ ಭಾನುವಾರ. ಅವರು ಬೆಂಗಳೂರಿನಿಂದ ಬಂದು ಮೂರು ವಾರವಾಗಿತ್ತು. ನ್ಯೂಜೆರ್ಸಿಯ ಚಳಿಗೆ ಮನೆಯೊಳಗೇ ಕೂತು ಮಂಕಾಗಿದ್ದರು. ಬುಡಾಪೆಸ್ಟ್‌ನಲ್ಲಿ ಹಂಗೇರಿ-ಐರ್ಲೆಂಡ್ ಮ್ಯಾಚ್ ಇದೆ, ನೋಡೋಣ ಬನ್ನಿ ಅಂತ ಕರೆದುಕೊಂಡು ಹೋಗಿದ್ದೆ.

ಅಪ್ಪ ಕುಡಿಯುವವರಲ್ಲ. ಫುಟ್ಬಾಲ್ ಅಂದ್ರೆ ಮಾತ್ರ ಪ್ರಾಣ. ಹಲಸೂರಿನಲ್ಲಿ ಬೆಳೆದವರು. ಅಶೋಕನಗರದ ಸ್ಟೇಡಿಯಂನಲ್ಲಿ ಮ್ಯಾಚ್ ಇದ್ದರೆ ಆಫೀಸಿನಿಂದ ನೇರ ಅಲ್ಲಿಗೇ ಸೈಕಲ್ ತುಳಿಯುತ್ತಿದ್ದರಂತೆ.

ಒಳಗೆಲ್ಲ ಹಸಿರು ಜರ್ಸಿ. ಕೌಂಟರಿನಲ್ಲಿದ್ದ ಹೆಂಗಸು ಏನು ಬೇಕು ಅಂತ ಕೇಳಿದರು. ಅಪ್ಪ ಅಂಜುತ್ತಲೇ "ಟೀ" ಅಂದರು. ಆಕೆ ಚೂರೂ ಆಶ್ಚರ್ಯಪಡಲಿಲ್ಲ. ದಪ್ಪನೆಯ ಕಪ್ಪಿನಲ್ಲಿ ಕಡುಗಂದು ಚಹಾ, ಪಕ್ಕದಲ್ಲಿ ಪುಟ್ಟ ಜಗ್ಗಿನಲ್ಲಿ ಹಾಲು ತಂದಿಟ್ಟರು. ಹಾಲು ಬೆರೆಸಿದ ಸ್ಟ್ರಾಂಗ್ ಟೀ ಕುಡಿಯೋದರಲ್ಲಿ ಐರಿಷ್ ಜನ ನಮಗಿಂತ ಏನೂ ಕಮ್ಮಿಯಿಲ್ಲ. ಅಪ್ಪ ಒಂದು ಗುಟುಕು ಕುಡಿದು, ಸ್ವೆಟರ್ ಬಿಚ್ಚಿ ಕುರ್ಚಿಗೆ ಹಾಕಿದರು. ಆಗ ನನಗೆ ಸಮಾಧಾನವಾಯಿತು.

ಪಕ್ಕದ ಮೇಜಿನಲ್ಲೊಬ್ಬ ಅಜ್ಜ. ಗೋಡೆಗೆ ಹಾಕಿದ್ದ ಫ್ರೇಮ್ ತೋರಿಸಿದರು. ಒಳಗೆ ಒಂದು ಹಳೆಯ ಟಿಕೆಟ್, ತುದಿ ಹರಿದಿದೆ. 1994ರ ಜೂನ್ 18ರ ವಿಶ್ವಕಪ್ ಮ್ಯಾಚು. ಇಲ್ಲೇ ಈಸ್ಟ್ ರದರ್‌ಫರ್ಡ್‌ನ ಜಯಂಟ್ಸ್ ಸ್ಟೇಡಿಯಂನಲ್ಲಿ ರೇ ಹೌಟನ್ ಹೊಡೆದ ಗೋಲಿನಿಂದ ಐರ್ಲೆಂಡ್ ಇಟಲಿಯನ್ನು 1-0ರಲ್ಲಿ ಸೋಲಿಸಿತ್ತು. ಆ ಸ್ಟೇಡಿಯಂ ಈಗಿಲ್ಲ. ಅದರ ಪಕ್ಕದಲ್ಲಿ ಎದ್ದ ಹೊಸ ಸ್ಟೇಡಿಯಂನಲ್ಲೇ 2026ರ ಜುಲೈ 19ಕ್ಕೆ ವಿಶ್ವಕಪ್ ಫೈನಲ್. ಅಪ್ಪನೂ ಬಿಡಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಆಡಿದ ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಕಥೆ ಶುರು ಮಾಡಿದರು. ಅಜ್ಜ ಬಗ್ಗಿ, ಅಪ್ಪನ ಶೂ ಕಡೆ ಕೈ ತೋರಿಸಿ, "ಶೂ ಇಲ್ಲದೇನಾ?" ಅಂತ ಎರಡೆರಡು ಸಲ ಕೇಳಿದರು.

ವಿಶ್ವಕಪ್ ಆಸೆ ಉಳಿಸಿಕೊಳ್ಳಲು ಹಂಗೇರಿಗೆ ಡ್ರಾ ಆದರೆ ಸಾಕಿತ್ತು. ಐರ್ಲೆಂಡ್ ಗೆಲ್ಲಲೇಬೇಕು. 2002ರ ನಂತರ ಅವರು ವಿಶ್ವಕಪ್ ಮುಖ ನೋಡಿಲ್ಲ. ಎಂಬತ್ತನೇ ನಿಮಿಷದವರೆಗೂ 2-1ರ ಹಿನ್ನಡೆ. ಆಮೇಲೆ ಐರ್ಲೆಂಡ್‌ನ ಟ್ರಾಯ್ ಪ್ಯಾರಟ್ ತನ್ನ ಎರಡನೇ ಗೋಲು ಹೊಡೆದ. ಸಮ ಆಯಿತು, ಆದರೂ ಸಾಲದು. ತೊಂಬತ್ತಾರನೇ ನಿಮಿಷ. ಗೋಲ್‌ಕೀಪರ್ ಉದ್ದಕ್ಕೆ ಒದ್ದ ಚೆಂಡನ್ನು ಒಬ್ಬ ತಲೆಯಿಂದ ಇಳಿಸಿಕೊಟ್ಟ. ಪ್ಯಾರಟ್ ನುಗ್ಗಿ ಕಾಲು ಚಾಚಿ ತಗುಲಿಸಿದ. 3-2!

ಆ ಕ್ಷಣ ಯಾರು ಯಾರನ್ನು ಅಪ್ಪಿಕೊಂಡರೋ ಗೊತ್ತಾಗಲಿಲ್ಲ. ನೋಡಿದರೆ ಅಪ್ಪ ಅಜ್ಜನ ತೋಳಿನಲ್ಲಿದ್ದರು, ಕೈಯಲ್ಲಿನ್ನೂ ಖಾಲಿ ಕಪ್ಪು. ಅಜ್ಜ ಅಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಟೀವಿಯಲ್ಲಿ ಪ್ಯಾರಟ್ ಕೂಡ ಅಳುತ್ತಿದ್ದ.

ಅವತ್ತಿನಿಂದ ನಮ್ಮ ಸಂಘದ ಬಗ್ಗೆ ಯೋಚಿಸುತ್ತಿದ್ದೇನೆ. ಯುಗಾದಿ, ದೀಪಾವಳಿ, ರಾಜ್ಯೋತ್ಸವ ಎಲ್ಲ ಚೆನ್ನಾಗಿಯೇ ಮಾಡುತ್ತೇವೆ. ಆದರೆ ಎಲ್ಲದಕ್ಕೂ ಮೊದಲೇ ಹೆಸರು ಕೊಡಬೇಕು, ಹಾಲ್ ಹಿಡಿಯಬೇಕು, ರೇಷ್ಮೆ ಸೀರೆ ಉಡಬೇಕು. ಊರಿನಿಂದ ಬಂದ ಅಪ್ಪ ಅಮ್ಮಂದಿರು ಒಂದು ಭಾನುವಾರ ಸುಮ್ನೆ ಹೋಗಿ ಕೂರುವ ಜಾಗ ನಮಗಿಲ್ಲ. ನಮಗಿಂತ ಎಷ್ಟೋ ತಲೆಮಾರು ಮೊದಲೇ ಕಡಲು ದಾಟಿ ಬಂದ ಐರಿಷ್ ಜನ ಅಂಥದ್ದೊಂದು ಬಾಗಿಲನ್ನು ಊರೂರಲ್ಲಿ ತೆರೆದಿಟ್ಟಿದ್ದಾರೆ. ಅಲ್ಲಿ ಯಾರೂ ನಮ್ಮನ್ನು ನೀವ್ಯಾರು, ಯಾಕೆ ಬಂದಿರಿ ಅಂತ ಕೇಳಲಿಲ್ಲ. ತಿಂಗಳಿಗೊಂದು ಭಾನುವಾರವಾದರೂ ಸಂಘದ ಕಡೆಯಿಂದ ಹೀಗೊಂದು ಬಾಗಿಲು ತೆರೆಯೋಣ ಅಂತ ನನ್ನಾಸೆ. ಕಾಫಿ ಇದ್ದರೆ ಸಾಕು, ಕಾರ್ಯಕ್ರಮ ಬೇಡ. ಜಾಗ ಇರುವವರು ಇದ್ದರೆ ದಯವಿಟ್ಟು ತಿಳಿಸಿ.

ಅಪ್ಪ ವಾಪಸ್ ಹೋಗಿದ್ದಾರೆ. ಮೊನ್ನೆ ಫೋನಿನಲ್ಲಿ ಮೊದಲು ಕೇಳಿದ್ದೇ ಅಜ್ಜನ ವಿಷಯ. 2026ರ ಮಾರ್ಚ್ 26ರ ಗುರುವಾರ ಪ್ರಾಗ್‌ನಲ್ಲಿ ಚೆಕ್ ತಂಡದ ವಿರುದ್ಧ ಐರ್ಲೆಂಡ್‌ನ ಪ್ಲೇ-ಆಫ್, ಅಂದರೆ ವಿಶ್ವಕಪ್‌ಗೆ ಹೋಗಲು ಉಳಿದ ಕೊನೆಯ ದಾರಿ. ಇಲ್ಲಿ ಆಗ ಮಧ್ಯಾಹ್ನ. ನಾನು ಅರ್ಧ ದಿನ ರಜೆ ಹಾಕಿದ್ದೇನೆ. ಟಿಕೆಟ್ ಫ್ರೇಮಿನ ಕೆಳಗಿನ ಮೇಜಿನಲ್ಲಿ ಇರುತ್ತೇನೆ, ಬನ್ನಿ. ಟೀ ಸಿಗುತ್ತೆ.

— ಸಂಪಾದಕಿ